ಪರಿಗಿಯ ಹಿತ್ತಲು, ಅಕ್ಕನ ಕೋಳಿಗಳು

ಹಿಂದೂಪುರದಿಂದ ಉತ್ತರಕ್ಕೆ ಏಳೆಂಟು ಮೈಲಿ ಹೋದರೆ ಪರಿಗಿ ಸಿಗುತ್ತದೆ. ನಮ್ಮ ಪತ್ರಿಕೆಯ ಓದುಗರಲ್ಲಿ ಈ ಸೀಮೆಗೆ ಬರುವವರು ಪೆನುಗೊಂಡೆಯ ಪಚ್ಚೆ ಪಾರ್ಶ್ವನಾಥ ಸ್ವಾಮಿಯ ದರ್ಶನಕ್ಕೆಂದು ಬರುತ್ತಾರೆ, ಬಂದವರು ಲೇಪಾಕ್ಷಿಯ ಬಸವಣ್ಣನನ್ನೂ ನೋಡಿಕೊಂಡು ಬೆಂಗಳೂರಿಗೆ ತಿರುಗುತ್ತಾರೆ. ಪರಿಗಿಯಲ್ಲಿ ಇಳಿಯುವವರು ಕಡಮೆ. ನಾನಂತೂ ನಲವತ್ತು ವರ್ಷಗಳಿಂದ ಇಳಿಯುತ್ತಿದ್ದೇನೆ. ಮೊದಲು ಹುಣಿಸೆಹಣ್ಣಿನ ವ್ಯಾಪಾರಕ್ಕಾಗಿ, ಈಗ ಹೆಚ್ಚಾಗಿ ನನ್ನ ಅಕ್ಕನನ್ನು ನೋಡುವುದಕ್ಕಾಗಿ.

ಊರಿನ ವಿಷಯ ನಾಲ್ಕು ಮಾತು ಹೇಳಿ ಮುಂದೆ ಹೋಗುತ್ತೇನೆ. ಇದು ೧೯೫೩ರವರೆಗೆ ಮದರಾಸು ಪ್ರಾಂತ್ಯದಲ್ಲಿದ್ದ ಅನಂತಪುರ ಜಿಲ್ಲೆಯ ಊರು. ೨೦೨೨ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಬೋರ್ಡುಗಳೆಲ್ಲ ತೆಲುಗಿನಲ್ಲಿದ್ದರೂ ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಬರುತ್ತದೆ. ದೇವರಾಯನದುರ್ಗದಲ್ಲಿ ಹುಟ್ಟಿ ನಮ್ಮ ತುಮಕೂರು ಜಿಲ್ಲೆಯಲ್ಲಿ ಹರಿದು ಬರುವ ಜಯಮಂಗಲಿ ಈ ಸೀಮೆಯಲ್ಲೇ ಪೆನ್ನೆಯನ್ನು ಕೂಡುತ್ತದೆ. ನೀರು ಹರಿಯುವುದನ್ನು ನೋಡಬೇಕಾದರೆ ಒಳ್ಳೆಯ ಮಳೆಯಾದ ವರ್ಷ ಬರಬೇಕು, ಉಳಿದಂತೆ ಬರೀ ಮರಳು. ಊರಿನ ಕೆರೆ ಮಾತ್ರ ಬಹಳ ಹಳೆಯದು. ಪೆನುಗೊಂಡೆಯಲ್ಲಿ ದೊರೆತ ಗಂಗ ಅರಸು ಮಾಧವನ ತಾಮ್ರಶಾಸನದಲ್ಲಿ ‘ಪರುವಿ’ಯ ಕೆರೆಯ ಕೆಳಗಿನ ಗದ್ದೆಗಳನ್ನು ದಾನ ಕೊಟ್ಟ ಮಾತಿದೆ. ಆ ಪರುವಿಯೇ ಈ ಪರಿಗಿ ಎನ್ನುತ್ತಾರೆ ವಿದ್ವಾಂಸರು. ಸುಮಾರು ಒಂದೂವರೆ ಸಾವಿರ ವರ್ಷದ ಹಿಂದಿನ ಮಾತು. ಗಂಗರ ಆಮೇಲೆ ಬಾಣರು ಈ ಊರಿನ ಹೆಸರನ್ನೇ ತಮ್ಮ ಬಿರುದಿನಲ್ಲಿ ಹೊತ್ತು ಮೆರೆದರು. ನಾನು ಬೆಳಗ್ಗೆ ಕೆರೆಯ ಏರಿಯ ಮೇಲೆ ನಡೆಯುವಾಗ ಇದನ್ನೆಲ್ಲ ನೆನೆಯುವುದುಂಟು. ಆದರೆ ಆ ಹೊತ್ತಿಗೆ ಹಿಂದಿನಿಂದ ಅಕ್ಕನ ಮನೆಯ ಹುಂಜ ಕೂಗುತ್ತದೆ, ಗಂಗರು ಬಾಣರು ಎಲ್ಲ ಮರೆತುಹೋಗುತ್ತಾರೆ.

ಹೌದು, ವಾಚಕರೆ, ನೀವು ಓದಿದ್ದು ಸರಿ. ಎಪ್ಪತ್ತೆರಡು ವರ್ಷದ ನನ್ನ ಅಕ್ಕ, ಬೆಳ್ಳುಳ್ಳಿ ಈರುಳ್ಳಿಯನ್ನೂ ಮುಟ್ಟದವಳು, ನೀರು ಸೋಸದೆ ಕುಡಿಯದವಳು, ಎಂಟು ವರ್ಷಗಳಿಂದ ಕೋಳಿ ಸಾಕಿದ್ದಾಳೆ. ತಿನ್ನಲು ಅಲ್ಲ, ಮಾರಲು ಅಲ್ಲ. ಹಾಗಾದರೆ ಏತಕ್ಕೆ ಎಂದು ಪರಿಗಿಯ ಜನ ಕೇಳುತ್ತಾರೆ. ನಮ್ಮವರು ಇನ್ನೂ ಜೋರಾಗಿ ಕೇಳುತ್ತಾರೆ.

ಆದದ್ದು ಇಷ್ಟೆ. ೨೦೧೭ರಲ್ಲಿ ಅಕ್ಕನ ಮೊಮ್ಮಗಳು ಎಂಟು ವರ್ಷದ ಹುಡುಗಿ. ಹಿಂದೂಪುರದ ಬೀದಿಯಲ್ಲಿ ಒಬ್ಬ ಬಿದಿರು ಬುಟ್ಟಿಯಲ್ಲಿ ಬಣ್ಣಬಣ್ಣದ ಕೋಳಿಮರಿ ಮಾರುತ್ತಿದ್ದ. ಗುಲಾಬಿ, ಹಸಿರು, ಹಳದಿ. ಹುಡುಗಿ ಅಲ್ಲೇ ಕುಳಿತು ಹಟ ಹಿಡಿದಳು. ಅವಳಪ್ಪ ಐದು ಮರಿ ಕೊಡಿಸಿದ. ಈ ಬಣ್ಣದ ಮರಿಗಳ ಗುಟ್ಟು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಮೊಟ್ಟೆಗೆಂದೇ ತಳಿ ಮಾಡಿದ ಕೋಳಿಗಳ ಮರಿ ಮಾಡುವ ಕಡೆ ಹೆಣ್ಣುಮರಿಗಳಿಗೆ ಮಾತ್ರ ಬೆಲೆ. ಗಂಡುಮರಿ ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೂ ಬೇಗ ಬೆಳೆಯುವುದಿಲ್ಲ. ಹುಟ್ಟಿದ ದಿನವೇ ಅವನ್ನು ಬೇರೆ ಮಾಡಿ ಬಹುಪಾಲು ಕೊಂದುಬಿಡುತ್ತಾರೆ. ಸ್ವಲ್ಪ ಭಾಗಕ್ಕೆ ಬಣ್ಣ ಅದ್ದಿ ಜಾತ್ರೆ ಸಂತೆಗಳಲ್ಲಿ ಮಕ್ಕಳಿಗೆ ಮಾರುತ್ತಾರೆ. ಮೊದಲ ವಾರ ಆ ಮರಿಗೆ ತೊಂಬತ್ತೈದು ಡಿಗ್ರಿಯಷ್ಟು (ಫ್ಯಾರನ್‌ಹೀಟ್ ಲೆಕ್ಕ) ಬಿಸಿ ಬೇಕು. ತಾಯಿಯ ರೆಕ್ಕೆಯಡಿ ಸಿಗುವ ಬಿಸಿ ಅದು. ಹುಡುಗರ ರಟ್ಟಿನ ಪೆಟ್ಟಿಗೆಯಲ್ಲಿ ಎಲ್ಲಿಂದ ಬರಬೇಕು? ಐದರಲ್ಲಿ ಮೂರು ವಾರದೊಳಗೆ ಸತ್ತವು. ನಾಲ್ಕನೆಯದನ್ನು ಬೆಕ್ಕು ಒಯ್ದಿತು. ಉಳಿದ ಒಂದನ್ನು ಅಕ್ಕ ಅಡುಗೆಮನೆಯಲ್ಲಿ ಅರವತ್ತು ಕ್ಯಾಂಡಲ್ ಬಲ್ಬಿನ ಕೆಳಗೆ ಇಟ್ಟು ಉಳಿಸಿದಳು. ಗುಲಾಬಿ ಬಣ್ಣ ಉದುರಿ ಬಿಳಿಯ ಹುಂಜವಾಯಿತು. ಕೆಂಪು ಜುಟ್ಟು ಒಂದು ಕಡೆಗೆ ವಾಲಿ, ನಡಿಗೆಯಲ್ಲಿ ಹಳೆಯ ಪಾಳೆಯಗಾರನ ಗತ್ತು. ಹುಡುಗಿ ಅದಕ್ಕೆ ‘ದೊರೆ’ ಎಂದು ಹೆಸರಿಟ್ಟಳು.

ಮರುವರ್ಷ, ಹೊಲದ ಕೆಲಸಕ್ಕೆ ಬರುತ್ತಿದ್ದ ಒಬ್ಬ ಹೆಣ್ಣುಮಗಳು ಊರು ಬಿಟ್ಟು ಬೆಂಗಳೂರಿಗೆ ಹೋಗುವಾಗ ತನ್ನ ಎರಡು ನಾಟಿ ಹೇಂಟೆಗಳನ್ನು ತಂದು, “ಅಮ್ಮ, ನಿಮ್ಮ ಮನೆಯಲ್ಲಾದರೆ ಬದುಕಿಕೊಳ್ಳುತ್ತವೆ” ಎಂದು ಬಿಟ್ಟುಹೋದಳು. ಒಂದು ಕೆಂಪಿ, ಇನ್ನೊಂದು ಚುಕ್ಕಿ. ಹೀಗೆ ಮನೆ ತುಂಬಿತು. (ಇಲ್ಲೊಂದು ಮಾತು. ತೆಲುಗರು ಗಂಡುಕೋಳಿಗೆ ಪುಂಜು ಎನ್ನುತ್ತಾರೆ, ನಾವು ಹುಂಜ ಎನ್ನುತ್ತೇವೆ. ಹಾಲಿಗೆ ಅವರದು ಪಾಲು, ಹುಲಿಗೆ ಪುಲಿ. ಗಡಿಯಲ್ಲಿ ವ್ಯಾಪಾರ ಮಾಡಿದವನಿಗೆ ಈ ಪಕಾರ ಹಕಾರ ಎರಡೂ ನಾಲಗೆಗೆ ಒಗ್ಗಿರುತ್ತವೆ.)

ಕೋಳಿ ಎಂದರೆ ಬುದ್ಧಿಯಿಲ್ಲದ ಹಕ್ಕಿ ಎಂದು ನಾನು ನಂಬಿದ್ದೆ. ಅಕ್ಕನ ಹಿತ್ತಲಿನಲ್ಲಿ ಕುಳಿತು ನೋಡಿದ ಮೇಲೆ ಹಾಗೆ ಹೇಳಲಾರೆ. ಬೆಳಗ್ಗೆ ಗೂಡಿನ ಬಾಗಿಲು ತೆಗೆದರೆ ಮೊದಲು ಕೆಂಪಿ ಹೊರಗೆ ಬರಬೇಕು. ಚುಕ್ಕಿ ಬಾಗಿಲ ಹತ್ತಿರವೇ ಇದ್ದರೂ ಕಾಯುತ್ತದೆ. ಕಾಳು ಚೆಲ್ಲಿದರೂ ಹಾಗೆಯೇ. ನಾರ್ವೆ ದೇಶದ ಷೆಲ್ಡೆರಪ್-ಎಬ್ಬೆ ಎಂಬಾತ ಚಿಕ್ಕಂದಿನಿಂದ ಮನೆಯ ಕೋಳಿಗಳನ್ನು ನೋಡುತ್ತ, ಅವುಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಕಟ್ಟುನಿಟ್ಟಾದ ಕ್ರಮವಿದೆಯೆಂದು ಬರೆದಿಟ್ಟು ೧೯೨೧ರಲ್ಲಿ ಪ್ರಕಟಿಸಿದನಂತೆ. ಆತ ನಮ್ಮ ಮಂಡಿಗೆ ಒಂದು ದಿನ ಬಂದಿದ್ದರೆ ಕೋಳಿಗಳನ್ನು ನೋಡುವ ಶ್ರಮವೇ ಇರುತ್ತಿರಲಿಲ್ಲ.

ಹತ್ತು ಗಂಟೆಯ ಬಿಸಿಲಿಗೆ ಎರಡು ಹೇಂಟೆಗಳೂ ದಾಳಿಂಬೆ ಗಿಡದ ಬುಡದಲ್ಲಿ ಗುಳಿ ತೋಡಿ, ಒಂದು ರೆಕ್ಕೆ ಹರಡಿ, ಮಣ್ಣನ್ನು ಮೈಮೇಲೆಲ್ಲ ಎರಚಿಕೊಂಡು ಮಲಗುತ್ತವೆ. ಮೊದಲ ಸಲ ನೋಡಿದಾಗ ಸತ್ತೇ ಹೋಯಿತೆಂದು ಗಾಬರಿಯಾಗಿ ಅಕ್ಕನನ್ನು ಕೂಗಿದ್ದೆ. ಅವಳು ನಕ್ಕು, “ಸ್ನಾನ ಮಾಡ್ತಾ ಅವೆ ಕಣೋ, ನೋಡಬೇಡ, ಆ ಕಡೆ ತಿರುಗು” ಎಂದಳು. ಮೈಯ ಹೇನು ಉದುರಿಸಿಕೊಳ್ಳಲು ಅವಕ್ಕೆ ಮಣ್ಣೇ ನೀರು. ಮಧ್ಯಾಹ್ನ ಅಕ್ಕ ಪಡಸಾಲೆಯಲ್ಲಿ ಅವರೆಕಾಳು ಬಿಡಿಸಲು ಕುಳಿತರೆ ಚುಕ್ಕಿ ಬಂದು ಸೆರಗಿನ ಮೇಲೆ ಕೂರುತ್ತದೆ. ಕೈಯಲ್ಲಿ ತಲೆ ಸವರಿದರೆ ಕಣ್ಣಿನ ಕೆಳರೆಪ್ಪೆ ಮೇಲಕ್ಕೆ ಬರುತ್ತದೆ. ಕೋಳಿಗೆ ನಮ್ಮಂತೆ ಮೇಲಿನ ರೆಪ್ಪೆ ಕೆಳಗಿಳಿಯುವುದಿಲ್ಲ, ಕೆಳಗಿನದು ಮೇಲೇರುತ್ತದೆ. ಅರವತ್ತು ದಾಟಿದ ಮೇಲೆ ನನಗೆ ಇದು ಗೊತ್ತಾಯಿತು.

ಮೇವು ಅಕ್ಕಿನುಚ್ಚು, ರಾಗಿ, ಮುಸುಕಿನ ಜೋಳದ ತರಿ, ಸ್ವಲ್ಪ ಕಡಲೆಕಾಯಿ ಹಿಂಡಿ. ಹೊತ್ತು ಇಳಿಯುವ ಮುಂಚೆ ಕೊನೆಯ ಹಿಡಿ ಕಾಳು. ಸೂರ್ಯ ಮುಳುಗಿದರೆ ಗೂಡು ಸೇರಿ ಕೋಲಿನ ಮೇಲೆ ಕುಳಿತುಬಿಡುತ್ತವೆ, ಆಮೇಲೆ ಮುತ್ತು ಚೆಲ್ಲಿದರೂ ಕೆಳಗಿಳಿಯುವುದಿಲ್ಲ. ಅಕ್ಕ ಈ ವಿಷಯದಲ್ಲಿ ಬಹಳ ಹೆಮ್ಮೆ ಪಡುತ್ತಾಳೆ. “ನಿನ್ನ ಸೊಸೆ ಎಂಟು ಗಂಟೆಗೆ ತಟ್ಟೆ ಹಾಕ್ತಾಳೆ. ನನ್ನ ಕೋಳಿಗಳ ಹತ್ತಿರ ಕಳಿಸು, ಅನಸ್ತಮಿತ ಅಂದರೆ ಏನು ಅಂತ ಹೇಳಿಕೊಡ್ತಾವೆ” ಎನ್ನುತ್ತಾಳೆ. ಸೊಸೆಗೆ ನಾನು ಇದನ್ನು ತಿಳಿಸಿಲ್ಲ. ಈ ಪತ್ರಿಕೆ ಓದಿ ತಿಳಿದರೆ ತಿಳಿಯಲಿ.

ದೊರೆಯ ಕೂಗಿನ ವಿಚಾರ ಬೇರೆ. ಬೆಳಗಿನ ಜಾವ ನಾಲ್ಕಕ್ಕೆ ಶುರು. ಬೆಳಕು ಕಂಡು ಕೂಗುತ್ತದೆ ಎಂದು ನಾವೆಲ್ಲ ತಿಳಿದಿದ್ದೆವು. ಜಪಾನಿನ ನಗೋಯಾದ ವಿಜ್ಞಾನಿಗಳು ಹುಂಜಗಳನ್ನು ಸದಾ ಮಂದ ಬೆಳಕಿನ ಕೋಣೆಯಲ್ಲಿಟ್ಟು ನೋಡಿ, ಅದರ ದೇಹದೊಳಗೇ ಗಡಿಯಾರವಿದೆ, ಬೆಳಗಾಗುವ ಮುಂಚೆಯೇ ಅದಕ್ಕೆ ತಿಳಿಯುತ್ತದೆ ಎಂದು ೨೦೧೩ರಲ್ಲಿ ಪ್ರಕಟಿಸಿದರು. ಭಾವನವರು ಆ ಕೂಗಿಗೆ ಎದ್ದು ಸಾಮಾಯಿಕಕ್ಕೆ ಕುಳಿತುಕೊಳ್ಳುವುದು ರೂಢಿಯಾಗಿದೆ. ಪಕ್ಕದ ಮನೆಯವರಿಗೆ ಸಾಮಾಯಿಕವಿಲ್ಲವಾದ್ದರಿಂದ ಅವರು ಮುಖ ಸಿಂಡರಿಸುತ್ತಾರೆ.

ಇನ್ನು ನಮ್ಮವರ ಆಕ್ಷೇಪಣೆಗೆ ಬರುತ್ತೇನೆ. ಇದು ಹಗುರವಾದ ಮಾತಲ್ಲ. ಶಾಸ್ತ್ರ ಓದಿಕೊಂಡ ಹಿರಿಯರೊಬ್ಬರು ಅಕ್ಕನ ಮನೆಗೆ ಬಂದವರು ಗೂಡು ನೋಡಿ ನಿಂತುಬಿಟ್ಟರು. “ಅಮ್ಮ, ಸೋಮದೇವ ಸೂರಿಗಳು ಶ್ರಾವಕನು ಸಾಕಬಾರದೆಂದು ಹೇಳಿದ ಪ್ರಾಣಿಗಳಲ್ಲಿ ನವಿಲು, ಕೋಳಿ, ಗಿಡುಗ, ಬೆಕ್ಕು, ಹಾವು, ಮುಂಗುಸಿ ಎಲ್ಲ ಸೇರಿವೆ. ಅನರ್ಥದಂಡ ಅದು. ಇದು ಹುಳ ಹೆಕ್ಕಿ ತಿನ್ನುವ ಹಕ್ಕಿ. ನಿಮ್ಮ ಅನ್ನ ತಿಂದು ನಿಮ್ಮ ಹಿತ್ತಲಿನಲ್ಲಿ ದಿನಕ್ಕೆ ನೂರು ಜೀವ ತೆಗೆಯುತ್ತದೆ” ಎಂದರು.

ಅವರು ಹೇಳಿದ್ದು ಸುಳ್ಳಲ್ಲ. ಸೋಮದೇವರು ‘ಯಶಸ್ತಿಲಕ’ವನ್ನು ಮುಗಿಸಿದ್ದು ೯೫೯ರಲ್ಲಿ, ನಮ್ಮ ಪಂಪನಿಗೆ ಆಶ್ರಯವಿತ್ತ ಅರಿಕೇಸರಿಯ ವಂಶದವರ ಕಾಲದಲ್ಲಿ. ವಿಚಿತ್ರ ನೋಡಿ, ಕೋಳಿ ಸಾಕಬೇಡಿ ಎಂದ ಆ ಗ್ರಂಥದ ಕಥೆಯೇ ಒಂದು ಕೋಳಿಯ ಕಥೆ. ೧೨೦೯ರಲ್ಲಿ ಜನ್ನ ಕನ್ನಡದಲ್ಲಿ ‘ಯಶೋಧರ ಚರಿತೆ’ಯಾಗಿ ಬರೆದದ್ದೂ ಅದನ್ನೇ. ಯಶೋಧರ ರಾಜನು ತಾಯಿ ಚಂದ್ರಮತಿಯ ಮಾತಿಗೆ ಕಟ್ಟುಬಿದ್ದು ಚಂಡಮಾರಿಗೆ ಜೀವದ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಹಿಟ್ಟಿನದಾದರೇನು, ಕತ್ತಿ ಎತ್ತಿದ ಸಂಕಲ್ಪ ಹಿಂಸೆಯದೇ. ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಮೊಸಳೆ, ಆಡು ಎಂದು ಜನ್ಮಜನ್ಮ ತೊಳಲಿ ಕೊನೆಗೆ ಕೋಳಿಗಳಾಗಿಯೇ ಹುಟ್ಟುತ್ತಾರೆ. ಮುನಿಯ ಉಪದೇಶ ಕಿವಿಗೆ ಬಿದ್ದು, ಹಿಂದಿನ ಭವಗಳ ನೆನಪಾಗಿ, ವ್ರತ ಹಿಡಿದ ಸಂತೋಷಕ್ಕೆ ಕೂಗುತ್ತಾರೆ. ಆ ಕೂಗನ್ನು ಕೇಳಿಯೇ ರಾಜ ಬಾಣ ಬಿಡುತ್ತಾನೆ. ಆ ರಾಜ ಅವರದೇ ರಕ್ತದವನು. ಈ ಕಥೆಯನ್ನು ಎಷ್ಟು ಸಲ ಕೇಳಿದ್ದೇವೋ! ಕೇಳಿ ಮನೆಗೆ ಬಂದು ಮರೆಯುತ್ತೇವೆ. ನಮ್ಮ ಪರಂಪರೆಯಲ್ಲಿ ಕೋಳಿಗೆ ಸ್ಥಳ ಕಡಮೆಯೇನಲ್ಲ. ಹೊಂಬುಜದ ಪದ್ಮಾವತಿ ಅಮ್ಮನವರ ವಾಹನ ಕುಕ್ಕುಟಸರ್ಪ. ಬೆಳಗೊಳದ ಗೊಮ್ಮಟಸ್ವಾಮಿಗೆ ದಕ್ಷಿಣ ಕುಕ್ಕುಟೇಶ್ವರನೆಂಬ ಹೆಸರೂ ಇದೆ.

ಅಕ್ಕ ಆ ಹಿರಿಯರಿಗೆ ಎದುರು ವಾದಿಸಲಿಲ್ಲ. ಕುಡಿಯಲು ಮಜ್ಜಿಗೆ ಕೊಟ್ಟಳು. ಆಮೇಲೆ ಕೇಳಿದಳು: “ಸ್ವಾಮಿ, ಸಾಕಬಾರದು ಅಂತ ಬರೆದಿದೆ, ಸರಿ. ಸಾಕಿಬಿಟ್ಟಿದ್ದನ್ನ ಎಲ್ಲಿ ಬಿಡಬೇಕು ಅಂತ ಬರೆದಿದೆಯಾ? ಈ ಬಾಗಿಲು ದಾಟಿದರೆ ಸಂಜೆಗೆ ಅವು ಸಾರಾಗ್ತಾವೆ.” ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೊಸದಾಗಿ ತರಬೇಡಿ” ಎಂದರು. “ತರಲ್ಲ” ಎಂದಳು ಅಕ್ಕ. ಅಂದಿನಿಂದ ಅದೇ ಆ ಮನೆಯ ಕಾನೂನು. ನನ್ನ ಅಭಿಪ್ರಾಯ ಕೇಳಿದರೆ ಇಬ್ಬರೂ ಸರಿಯಾಗಿಯೇ ಮಾತಾಡಿದರು. ದೆಹಲಿಯ ಕೆಂಪುಕೋಟೆಯೆದುರು ದಿಗಂಬರ ಜೈನ ಲಾಲ್ ಮಂದಿರದಲ್ಲಿ ಹಕ್ಕಿಗಳ ಆಸ್ಪತ್ರೆ ನಡೆದು ಬಂದಿದೆ. ಅಲ್ಲಿಯೂ ಕಾಳು ತಿನ್ನುವ ಹಕ್ಕಿಗಳಿಗೆ ಒಳಗೆ ಇರಲು ಜಾಗ, ಮಾಂಸ ತಿನ್ನುವ ಹದ್ದು ಗಿಡುಗಗಳಿಗೆ ಔಷಧಿ ಹಾಕಿ ಹೊರಗಿನಿಂದಲೇ ಕಳಿಸುವ ಪದ್ಧತಿ. ಗೆರೆ ಎಲ್ಲಿ ಎಳೆಯಬೇಕೆಂಬ ಕಷ್ಟ ಅವರಿಗೂ ಇದೆ.

ಹೊಸದಾಗಿ ತರುವುದಿಲ್ಲ ಎಂದರೆ ಸಾಲದು, ಹುಟ್ಟಿಸುವುದೂ ಇಲ್ಲ ಎನ್ನಬೇಕಾಯಿತು. ಹೇಂಟೆ ಇಪ್ಪತ್ತೊಂದು ದಿನ ಕಾವು ಕೂತರೆ ಹತ್ತು ಮರಿ. ಹತ್ತರಲ್ಲಿ ಐದು ಗಂಡು. ಐದು ಹುಂಜ ಒಂದು ಹಿತ್ತಲಿನಲ್ಲಿ ಇರಲಾರವು, ರಕ್ತ ಸುರಿಯುವ ತನಕ ಕಾದಾಡುತ್ತವೆ. ಬೇರೆಯವರ ಮನೆಯಲ್ಲಿ ಹೆಚ್ಚಾದ ಹುಂಜಕ್ಕೆ ದಾರಿ ಒಂದೇ. ಕೊಲ್ಲದ ಮನೆಯಲ್ಲಿ ದಾರಿಯೇ ಇಲ್ಲ. ಆದ್ದರಿಂದ ದೊರೆಗೆ ಬೇರೆ ಗೂಡು, ಜಾಲರಿಯ ಆ ಕಡೆ. ಹುಂಜದ ಸಂಗವಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ, ಆ ಮೊಟ್ಟೆಯಲ್ಲಿ ಮರಿಯಾಗುವುದಿಲ್ಲ. ಜೀವವಿಲ್ಲವಲ್ಲ, ಕೊಡಿ ನಮಗೆ ಎಂದು ಓಣಿಯವರು ಕೇಳುವುದುಂಟು. ಅಕ್ಕ ಕೊಡುವುದಿಲ್ಲ. ತಿನ್ನುವ ಅಭ್ಯಾಸಕ್ಕೆ ನಮ್ಮ ಮನೆಯಿಂದ ಕೈ ನೀಡಬಾರದು ಎಂದು ಅವಳ ಹಟ. ಭಾವನವರು ತೆಂಗಿನ ಬುಡದಲ್ಲಿ ಗುಂಡಿ ತೋಡಿ ಹೂಳುತ್ತಾರೆ. ಆ ತೆಂಗಿನ ಕಾಯಿ ಈಗ ಮನೆಗೆಲ್ಲ ಸಾಲುತ್ತದೆ, ಅದನ್ನು ಯಾರೂ ಆಕ್ಷೇಪಿಸಿಲ್ಲ.

ಕೆಂಪಿಗೆ ಮಾತ್ರ ವರ್ಷಕ್ಕೆರಡು ಸಲ ಕಾವಿನ ಹುಚ್ಚು ಹಿಡಿಯುತ್ತಿತ್ತು. ಖಾಲಿ ಗೂಡಿನಲ್ಲಿ, ಕೆಳಗೆ ಒಂದು ಮೊಟ್ಟೆಯೂ ಇಲ್ಲದೆ, ಮೈ ಉಬ್ಬಿಸಿ ಕೂತುಬಿಡುತ್ತಿತ್ತು. ಮೇವಿಲ್ಲ, ನೀರಿಲ್ಲ. ಹಳ್ಳಿಯಲ್ಲಿ ಇಂಥ ಕೋಳಿಯನ್ನು ನೀರಿನಲ್ಲಿ ಮುಳುಗಿಸಿ ತೆಗೆಯುತ್ತಾರೆ, ಮೂಗಿನಲ್ಲಿ ಗರಿ ಚುಚ್ಚುತ್ತಾರೆ. ಅಕ್ಕನಿಗೆ ಮನಸ್ಸು ಬರಲಿಲ್ಲ. ದಿನಕ್ಕೆರಡು ಸಲ ಎತ್ತಿಕೊಂಡು ಹೋಗಿ ನುಚ್ಚಿನ ಮುಂದೆ ಇಳಿಸುತ್ತಿದ್ದಳು, ಅದು ನಾಲ್ಕು ಕಾಳು ತಿಂದು ಓಡಿ ಹೋಗಿ ಮತ್ತೆ ಕೂರುತ್ತಿತ್ತು. ಮೂರು ವಾರ ಕಳೆದ ಮೇಲೂ ಏಳದೆ, ಏನನ್ನೋ ಕಾಯುತ್ತಿದ್ದ ಆ ಮುಖ ನೋಡಲು ಕಷ್ಟವಾಗುತ್ತಿತ್ತು. ಆ ಜೀವಕ್ಕೆ ನಾವು ಉಪಕಾರ ಮಾಡಿದೆವೋ ಏನು ಮಾಡಿದೆವೋ ಎಂದು ಭಾವನವರು ಒಂದು ದಿನ ಹೇಳಿದರು. ಅಕ್ಕ ಅದಕ್ಕೆ ಉತ್ತರ ಕೊಡದೆ ಒಳಗೆ ಹೋದಳು.

ಜಾತ್ರೆಯ ದಿನಗಳಲ್ಲಿ ದೊರೆಗೆ ಬೆಲೆ ಏರುತ್ತದೆ. ಸುತ್ತಲ ಹಳ್ಳಿಗಳಲ್ಲಿ ಮಾರಮ್ಮನಿಗೆ ಹರಕೆ. ಹಕ್ಕಿಬಲಿ ಪ್ರಾಣಿಬಲಿ ನಿಷೇಧದ ಕಾಯಿದೆ ಮದರಾಸು ಸರ್ಕಾರದ ಕಾಲದಲ್ಲಿ, ೧೯೫೦ರಲ್ಲೇ ಬಂದದ್ದು ಈ ಸೀಮೆಗೂ ಅನ್ವಯಿಸುತ್ತದೆ. ಕರ್ನಾಟಕದಲ್ಲಿ ೧೯೫೯ರ ಕಾಯಿದೆ. ಕಾಯಿದೆ ಕಾಗದದಲ್ಲಿದೆ, ಕೋಳಿ ಮಂಕರಿಯಲ್ಲಿದೆ. ಒಂದು ವರ್ಷ ಬಿಳಿ ಹುಂಜವೇ ಬೇಕೆಂದು ಹರಕೆ ಹೊತ್ತ ಒಬ್ಬರು ಮೂರು ಸಲ ಬಂದರು. ಮೂರನೆಯ ಸಲ ಎರಡು ಸಾವಿರ ರೂಪಾಯಿ ಎಣಿಸಿ ಕಟ್ಟೆಯ ಮೇಲಿಟ್ಟರು. ಮಗನಿಗೆ ಮೈ ನೆಟ್ಟಗಿಲ್ಲ, ಹರಕೆ ತೀರಲೇಬೇಕು ಎಂದು ಕಣ್ಣಲ್ಲಿ ನೀರು ತಂದರು. ಅದು ಅಕ್ಕನಿಗೆ ಬಹಳ ಕಷ್ಟದ ಗಳಿಗೆ. ಅವರನ್ನು ಬೈದು ಕಳಿಸುವುದು ಸುಲಭ; ಮಗು ಮಲಗಿದ ಮನೆಯವರನ್ನು ಬೈಯುವುದು ಹೇಗೆ? ಅವಳು ಹಣ ಅವರ ಕೈಗೆ ವಾಪಸು ಕೊಟ್ಟು, ತಾನೇ ಇನ್ನೊಂದು ಸಾವಿರ ಸೇರಿಸಿ, “ಹಿಂದೂಪುರದಲ್ಲಿ ಮಕ್ಕಳ ಡಾಕ್ಟರಿಗೆ ತೋರಿಸಿ, ನಮ್ಮ ತಮ್ಮ ಅಲ್ಲೇ ಇದಾನೆ, ಕರಕೊಂಡು ಹೋಗ್ತಾನೆ” ಎಂದಳು. ಕರೆದುಕೊಂಡು ಹೋದೆ. ಮಗು ಗುಣವಾಯಿತು. ಹರಕೆಯನ್ನು ಅವರು ಬೇರೆ ಕಡೆಯಿಂದ ಹುಂಜ ತಂದು ತೀರಿಸಿದರೆಂದು ಆಮೇಲೆ ಗೊತ್ತಾಯಿತು. ಅಕ್ಕನಿಗೆ ನಾನು ಹೇಳಲಿಲ್ಲ. ಅವಳಿಗೆ ಹೇಗೋ ತಿಳಿದಿತ್ತು, ಅವಳೂ ನನಗೆ ಹೇಳಲಿಲ್ಲ.

ರೋಗದ ಭಯ ಇನ್ನೊಂದು. ಕೊಕ್ಕರೆ ರೋಗ ಬಂದರೆ ಓಣಿಯ ಕೋಳಿಗಳು ಒಂದು ವಾರದಲ್ಲಿ ಖಾಲಿ. ಕುತ್ತಿಗೆ ತಿರುಚಿಕೊಂಡು, ಹಸಿರು ಭೇದಿಯಾಗಿ ಸಾಯುತ್ತವೆ. ಮರಿಗೆ ಮೊದಲ ವಾರದಲ್ಲಿ ಲಸೋಟ ಹನಿ, ಎಂಟನೆಯ ವಾರದಲ್ಲಿ ಆರ್-ಟು-ಬಿ ಚುಚ್ಚುಮದ್ದು ಹಾಕಿಸಬೇಕು. ಅಕ್ಕ ತಪ್ಪದೆ ಹಾಕಿಸಿದಳು. ಆ ಲಸಿಕೆಯನ್ನು ಬೆಳೆಸುವುದೂ ಕೋಳಿಯ ಮೊಟ್ಟೆಯಲ್ಲೇ ಎಂದು ಭಾವನವರು ಎಲ್ಲೋ ಓದಿ ನನಗೆ ಗುಟ್ಟಾಗಿ ಹೇಳಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

೨೦೨೦ರ ಮಾರ್ಚಿಯಲ್ಲಿ ಕೋಳಿಯಿಂದ ಕೊರೋನ ಬರುತ್ತದೆಂಬ ಸುಳ್ಳುಸುದ್ದಿ ಹಬ್ಬಿ ಕೋಳಿಯ ಬೆಲೆ ನೆಲಕಚ್ಚಿದಾಗ, ಬೆಳಗಾವಿ ಮತ್ತು ಕೋಲಾರದ ಕಡೆ ಸಾವಿರಾರು ಕೋಳಿಗಳನ್ನು ಗುಂಡಿಯಲ್ಲಿ ಜೀವಂತ ಹೂಳಿದ್ದನ್ನು ಫೋನಿನಲ್ಲಿ ನೋಡಿ ಅಕ್ಕ ಎರಡು ದಿನ ಊಟ ಬಿಟ್ಟಿದ್ದಳು. ಆದರೆ ಅದು ದೂರದ ಮಾತು. ೨೦೨೫ರ ಫೆಬ್ರವರಿಯಲ್ಲಿ ಗೋದಾವರಿ ಜಿಲ್ಲೆಗಳಲ್ಲಿ ಹಕ್ಕಿಜ್ವರ ಬಂತು. ಅದೇ ತಿಂಗಳ ಕೊನೆಗೆ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿಯೂ ಕಾಣಿಸಿತು. ಗೌರಿಬಿದನೂರಿನ ಆ ಕಡೆ, ನಮಗೆ ಹತ್ತಿರವೇ. ರೋಗ ದೃಢಪಟ್ಟ ಸ್ಥಳದಿಂದ ಒಂದು ಕಿಲೋಮೀಟರ್ ಸುತ್ತಳತೆಯಲ್ಲಿ ಇರುವ ಕೋಳಿಗಳನ್ನೆಲ್ಲ ಕೊಲ್ಲಬೇಕೆಂಬುದು ಸರ್ಕಾರದ ನಿಯಮ. ಮನೆಯಲ್ಲಿ ಸಾಕಿದ್ದೆಂದು ಬಿಡುವಂತಿಲ್ಲ. ಪರಿಹಾರದ ಹಣ ಕೊಡುತ್ತಾರೆ. ನಿಯಮ ತಪ್ಪೆಂದು ನಾನು ಹೇಳಲಾರೆ. ಆ ರೋಗ ಮನುಷ್ಯನಿಗೂ ತಗಲಬಲ್ಲದು, ಒಂದು ಮನೆಗೆ ರಿಯಾಯಿತಿ ಕೊಟ್ಟರೆ ಊರಿಗೆಲ್ಲ ಕೇಡು.

ಆ ವಾರ ಪರಿಗಿಗೂ ಬರುತ್ತಾರಂತೆ ಎಂದು ಯಾರೋ ಹಬ್ಬಿಸಿದರು. ನಾನು ಹಿಂದೂಪುರದಿಂದ ಹೋದೆ. ಅಕ್ಕ ಅಳುತ್ತಿರುತ್ತಾಳೆ, ಕೋಳಿಗಳನ್ನು ಎಲ್ಲಾದರೂ ಬಚ್ಚಿಡು ಎನ್ನುತ್ತಾಳೆ ಎಂದುಕೊಂಡಿದ್ದೆ. ಹಾಗೇನಿಲ್ಲ. ಗೂಡಿಗೆ ಸುಣ್ಣ ಹಾಕಿ, ಬೇರೆ ಹಕ್ಕಿ ಒಳಗೆ ಇಳಿಯದಂತೆ ಹಳೆಯ ಸೊಳ್ಳೆಪರದೆ ಕಟ್ಟಿ, ಕೈತೊಳೆದು ಕುಳಿತಿದ್ದಳು. “ಬಂದರೆ ಏನು ಮಾಡ್ತೀಯ ಅಕ್ಕ?” ಎಂದೆ. “ಬಂದರೆ ತಡೆಯೋಕೆ ನಾನ್ಯಾರು? ಊರವರ ಮಕ್ಕಳಿಗೆ ಜ್ವರ ಬರಲಿ ಅನ್ನೋಕಾಗುತ್ತಾ? ಹತ್ತು ನಿಮಿಷ ಕೊಡಿ ಅಂತ ಕೇಳ್ತೀನಿ. ಮೂರು ಜೀವದ ಕಿವಿಯಲ್ಲೂ ಣಮೋಕಾರ ಹೇಳಬೇಕು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕ್ಕೋತೀನಿ” ಎಂದಳು. ಹೇಳುವಾಗ ಸ್ವರ ಅಲುಗಲಿಲ್ಲ, ಕೈಯಲ್ಲಿದ್ದ ಜಪಸರ ಮಾತ್ರ ಅಲುಗುತ್ತಿತ್ತು. ನಾನು ರಾತ್ರಿ ಅಲ್ಲೇ ಉಳಿದೆ. ಯಾರೂ ಬರಲಿಲ್ಲ. ಪರಿಗಿಯಲ್ಲಿ ರೋಗ ಕಾಣಿಸಲಿಲ್ಲ. ಮೂರು ವಾರ ಕಳೆದ ಮೇಲೆ ಸೊಳ್ಳೆಪರದೆ ಬಿಚ್ಚಿದರು.

ಆ ಹತ್ತು ನಿಮಿಷ ಬೇರೆ ರೀತಿಯಲ್ಲಿ ಬೇಕಾಗಿ ಬಂತು. ಆಗಸ್ಟಿನಲ್ಲಿ, ದಶಲಕ್ಷಣ ಪರ್ವಕ್ಕೆ ಇನ್ನೂ ಹತ್ತು ದಿನವಿರುವಾಗ, ಕೆಂಪಿ ಕೋಲೇರುವುದನ್ನು ಬಿಟ್ಟಿತು. ಏಳು ವರ್ಷ ದಾಟಿತ್ತು, ಕೋಳಿಗೆ ಅದು ಮುಪ್ಪು. ಜುಟ್ಟು ಬಿಳಿಚಿತು. ಪಶುವೈದ್ಯರು ನೋಡಿ, ಹೊಟ್ಟೆಯಲ್ಲಿ ನೀರು ತುಂಬಿದೆ, ಹಳೆಯ ಹೇಂಟೆಗಳಿಗೆ ಮೊಟ್ಟೆಯ ನಾಳದ ತೊಂದರೆಯಿಂದ ಹೀಗಾಗುತ್ತದೆ ಎಂದರು. ನೋವಿಗೆ ಔಷಧಿ ಕೊಟ್ಟರು. ನಾನು ಹೋದಾಗ ಪಡಸಾಲೆಯಲ್ಲಿ ಗೋಣಿಚೀಲದ ಮೇಲೆ ಮಲಗಿತ್ತು. ಚುಕ್ಕಿ ಪಕ್ಕದಲ್ಲೇ ನಿಂತು ಅದರ ಕತ್ತಿನ ಗರಿಗಳನ್ನು ಒಂದೊಂದಾಗಿ ಕೊಕ್ಕಿನಿಂದ ಬಿಡಿಸುತ್ತಿತ್ತು. ಎಂದೂ ಬಾಗಿಲು ದಾಟಲು ತನ್ನನ್ನು ಮುಂದೆ ಬಿಡದವಳಿಗೆ ಮಾಡಿದ ಸೇವೆ. ನೆಂಟರಲ್ಲೊಬ್ಬರು, “ಮೂರು ದಿನದಿಂದ ಆಹಾರ ಬಿಟ್ಟಿದೆ, ಪುಣ್ಯದ ಜೀವ, ಸಲ್ಲೇಖನ ತಗೊಂಡಿದೆ” ಎಂದರು. ಭಾವನವರಿಗೆ ಅದು ಹಿಡಿಸಲಿಲ್ಲ. ಸಲ್ಲೇಖನ ಎಂದರೆ ತಿಳಿದು, ಗುರುಗಳ ಮುಂದೆ ಹಿಡಿಯುವ ವ್ರತ. ಇದಕ್ಕೆ ಹೊಟ್ಟೆನೋವು, ತಿನ್ನಲಾಗುತ್ತಿಲ್ಲ, ದೊಡ್ಡ ಮಾತು ಬೇಡ ಎಂದರು. ನನಗೂ ಹಾಗೆಯೇ ಅನ್ನಿಸಿತು.

ಆದರೆ ಕಿವಿಯಲ್ಲಿ ಮಂತ್ರ ಹೇಳುವುದನ್ನು ಅವರು ಬೇಡವೆನ್ನಲಿಲ್ಲ. ಅದಕ್ಕೆ ಈ ಸೀಮೆಯಲ್ಲೇ ಆಧಾರವಿದೆ. ಭಾಸ್ಕರ ಕವಿ ‘ಜೀವಂಧರ ಚರಿತೆ’ಯನ್ನು ೧೪೨೪ರಲ್ಲಿ ಬರೆದದ್ದು ಇಲ್ಲೇ ಪಕ್ಕದ ಪೆನುಗೊಂಡೆಯಲ್ಲಿ. ಏಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರ ಪಂಚನಮಸ್ಕಾರ ಹೇಳಿದ್ದು, ಆ ನಾಯಿ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಬಂದು ಅವನಿಗೆ ನೆರವಾದದ್ದು ಆ ಕಥೆ. ಲೇಪಾಕ್ಷಿಯವರು ಜಟಾಯು ಬಿದ್ದ ಜಾಗ ತಮ್ಮದು, ರಾಮ ‘ಏಳು ಪಕ್ಷಿಯೇ’ ಎಂದದ್ದಕ್ಕೆ ಊರಿಗೆ ಆ ಹೆಸರು ಎನ್ನುತ್ತಾರೆ. ನಮ್ಮ ರಾಮಕಥೆಯಲ್ಲಿ ಆ ಜಟಾಯುವೂ ಮುನಿಗಳಿಂದ ವ್ರತ ಹಿಡಿದ ಶ್ರಾವಕ ಹಕ್ಕಿ. ಅಕ್ಕ ಕೆಂಪಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಳು. ಕೋಳಿಯ ಕಿವಿ ಗರಿಯ ಕೆಳಗೆ ಸಣ್ಣ ತೂತು, ಹುಡುಕಿ ಬಾಗಬೇಕು. ತುಮಕೂರಿನಲ್ಲಿ ಪಿಯುಸಿ ಓದುವ ಮೊಮ್ಮಗಳು ಫೋನಿನಲ್ಲಿ ಮುಖ ತೋರಿಸಿ ಅತ್ತಳು, ಅವಳೂ ಅಲ್ಲಿಂದಲೇ ಹೇಳಿದಳು. ಮಧ್ಯಾಹ್ನ ಮೂರೂವರೆಗೆ ಕೆಳರೆಪ್ಪೆ ಮೇಲೇರಿತು, ಮತ್ತೆ ಇಳಿಯಲಿಲ್ಲ.

ದಾಳಿಂಬೆ ಗಿಡದ ಬುಡದಲ್ಲಿ, ಅದು ಮಣ್ಣಿನ ಸ್ನಾನ ಮಾಡುತ್ತಿದ್ದ ಗುಳಿಯನ್ನೇ ಆಳ ಮಾಡಿ ಭಾವನವರು ಹೂಳಿದರು. ನಾಯಿ ಕೆದಕದಂತೆ ಮೇಲೊಂದು ಚಪ್ಪಡಿ ಇಟ್ಟರು. “ವೀರಗಲ್ಲು ನೆಟ್ಟಂತಾಯಿತು” ಎಂದೆ, ಮಾತು ಹಗುರ ಮಾಡೋಣವೆಂದು. ಅವರು, “ಯಾಕಾಗಬಾರದು? ಆತಕೂರಿನದು ನೋಡಿದ್ದೀರಲ್ಲ” ಎಂದರು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿರುವ ಆ ಕಲ್ಲನ್ನು ನಾವಿಬ್ಬರೂ ಒಟ್ಟಿಗೆ ನೋಡಿದ್ದೆವು. ಗಂಗರ ಬೂತುಗ, ಮೆಚ್ಚಿದ್ದನ್ನು ಕೇಳೆಂದಾಗ, ಬಂಟ ಮಣಲೆರ ಕಾಳಿ ಎಂಬ ನಾಯಿಯನ್ನು ಕೇಳಿದ. ಆ ನಾಯಿ ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ೯೪೯-೫೦ರಲ್ಲಿ ಮಂಡ್ಯ ಸೀಮೆಯ ಆತಕೂರಿನಲ್ಲಿ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟು, ಪೂಜಿಸದೆ ಉಂಡವನಿಗೆ ಆ ನಾಯಿಯ ಪಾಪವೆಂದು ಬರೆಸಿದ. ತಮಿಳುನಾಡಿನ ವಿಳುಪ್ಪುರಂ ಜಿಲ್ಲೆಯಲ್ಲಿ ಅದಕ್ಕೂ ಹಳೆಯ, ಹುಂಜದ ನೆನಪಿಗೇ ನೆಟ್ಟ ಕಲ್ಲುಗಳಿವೆ; ಕಾಳಗದ ಹುಂಜಗಳವು. ನಮ್ಮ ಕೆಂಪಿ ಯಾವ ಕಾಳಗವನ್ನೂ ಮಾಡಿದ್ದಲ್ಲ. ಚಪ್ಪಡಿಯ ಮೇಲೆ ಏನೂ ಬರೆದಿಲ್ಲ.

ಚುಕ್ಕಿ ನಾಲ್ಕು ದಿನ ಬೆಳಗ್ಗೆ ಗೂಡಿನ ಬಾಗಿಲು ತೆಗೆದರೂ ಹೊರಗೆ ಬರಲಿಲ್ಲವಂತೆ. ಮುಂದೆ ಹೋಗುವವಳಿಗಾಗಿ ನಿಂತಿರುತ್ತಿತ್ತು. ಐದನೆಯ ದಿನ ಅಕ್ಕ ತಾನೇ ಬಗ್ಗಿ ಗೂಡಿನೊಳಗೆ ತಲೆ ಹಾಕಿ, “ಬಾರೆ, ಇನ್ನು ನೀನೇ ದೊಡ್ಡವಳು” ಎಂದು ಎತ್ತಿ ಹೊರಗಿಟ್ಟಳು. ಈಗ ಅದು ತಾನಾಗಿಯೇ ಬರುತ್ತದೆ. ರಾತ್ರಿ ಜಾಲರಿಯ ಹತ್ತಿರದ ಕೋಲಿನ ಮೇಲೆ ಕೂರುತ್ತದೆ, ಜಾಲರಿಯ ಆ ಕಡೆ ದೊರೆ. ನಾನು ಮೊನ್ನೆ ಹೊರಟಾಗ ಅಕ್ಕ ಬಸ್ಸಿನ ತನಕ ಬಂದು, ಬರುವ ವಾರ ಜೋಳದ ತರಿ ಐದು ಕಿಲೋ ಸಾಕು, ಮೊದಲಿನಷ್ಟು ಬೇಡ ಎಂದಳು.